ಕೆಲಸ ಕಲಿತವರು ಬಿಟ್ಟುಹೋಗುತ್ತಾರೆ: ಬಾಂಡ್ ಬರೆಸಿಕೊಳ್ಳಬೇಕೆ, ಕಲಿಸುವುದನ್ನೇ ನಿಲ್ಲಿಸಬೇಕೆ?

ಪ್ರಶ್ನೆ (ಘಟಕದ ಪಾಲುದಾರ, ಪೀಣ್ಯ)

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ 2ನೇ ಹಂತದಲ್ಲಿರುವ ನಮ್ಮ ಯಂತ್ರಭಾಗಗಳ ಘಟಕದಲ್ಲಿ ಗುತ್ತಿಗೆಯವರೂ ಸೇರಿ 42 ಮಂದಿ ದುಡಿಯುತ್ತಿದ್ದಾರೆ. ಐಟಿಐ ಮುಗಿಸಿ ಬಂದ ಹುಡುಗರಿಗೆ ಡ್ರಾಯಿಂಗ್ ಓದುವುದರಿಂದ ಹಿಡಿದು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ನಲ್ಲಿ ಆಫ್‌ಸೆಟ್ (ಉಪಕರಣದ ಅಳತೆಯ ತಿದ್ದುಪಡಿ) ಕೊಡುವವರೆಗೆ ಎಲ್ಲವನ್ನೂ ಯಂತ್ರಗಳನ್ನು ಕೆಲಸಕ್ಕೆ ಹೊಂದಿಸಿಕೊಡುವ ನಮ್ಮ ಹಿರಿಯ ಸೆಟ್ಟರ್ ಒಬ್ಬರೇ ಕಲಿಸುತ್ತಾರೆ. ಕೈ ಪಳಗುವ ಹೊತ್ತಿಗೆ ಆ ಹುಡುಗರು ಬೊಮ್ಮಸಂದ್ರದ್ದೋ ನರಸಾಪುರದ್ದೋ ಕಾರ್ಖಾನೆಗೆ ಹೊರಟುಬಿಡುತ್ತಾರೆ. ಕಳೆದ ವರ್ಷ ಹೀಗೆ ಐವರು ಹೋದರು. ಇನ್ನು ಮುಂದೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆಂಬ ಬಾಂಡ್ ಬರೆಸಿಕೊಂಡೇ ಕಲಿಸಬೇಕೆಂಬುದು ನನ್ನ ಜೊತೆಗಾರ ಪಾಲುದಾರರ ಅಭಿಪ್ರಾಯ. ಕಲಿಸುವ ಗೋಜೇ ಬೇಡ, ಬಲ್ಲವರನ್ನೇ ಹೆಚ್ಚು ಸಂಬಳಕ್ಕೆ ಕರೆತರೋಣ ಎಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಸಣ್ಣ ಘಟಕ ನಡೆಸಿದವರು ಇದನ್ನು ಹೇಗೆ ನಿಭಾಯಿಸಿದ್ದೀರಿ?

ಉತ್ತರ 1 (ನಿವೃತ್ತ ತರಬೇತುದಾರ, ವಿದ್ಯಾರಣ್ಯಪುರ)

ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ತರಬೇತಿ ಕೇಂದ್ರದಲ್ಲಿ ಬಹುಕಾಲ ಕಲಿಸಿದವನು ನಾನು. ಕಲಿತವರು ಹೊರಗೆ ಹೋಗುವುದು ಈ ಊರಿಗೆ ಹೊಸದಲ್ಲ. 1953ರಲ್ಲಿ ಎಚ್‌ಎಂಟಿ, ಮರುವರ್ಷವೇ ಬಿಇಎಲ್ ಜಾಲಹಳ್ಳಿಗೆ ಬಂದವು. ಅಂಥ ಕಾರ್ಖಾನೆಗಳಲ್ಲಿ ಕೆಲಸ ಕಲಿತು ಹೊರಬಂದವರು ಪೀಣ್ಯದಲ್ಲಿ ಎಷ್ಟು ಷೆಡ್‌ಗಳನ್ನು ಹಾಕಿದರೆಂಬುದು ನಿಮಗೆ ತಿಳಿಯದ ವಿಷಯವಲ್ಲ.

ನನಗೆ ಕಾಣುವ ತೊಂದರೆ ಬೇರೆ. ನಿಮ್ಮಲ್ಲಿ ಕಲಿಕೆ ಎಂಬುದು ಒಬ್ಬ ಸೆಟ್ಟರ್‌ನ ಬೆನ್ನ ಹಿಂದೆ ನಿಂತು ನೋಡುವುದಷ್ಟೇ ಆಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಹೊಸಬರನ್ನು ಬೇಗ ತಯಾರು ಮಾಡಲು ನಾಲ್ಕು ಹಂತದ ಕ್ರಮವೊಂದನ್ನು ಬಳಸಿದವು: ಕಲಿಯುವವನನ್ನು ಸಿದ್ಧಗೊಳಿಸುವುದು, ಕೆಲಸವನ್ನು ಬಿಡಿಸಿ ಮಾಡಿ ತೋರಿಸುವುದು, ಅವನಿಂದಲೇ ಮಾಡಿಸುತ್ತ ಏಕೆ ಹಾಗೆ ಮಾಡಿದನೆಂದು ಬಾಯಿಬಿಟ್ಟು ಹೇಳಿಸುವುದು, ಆಮೇಲೆ ಆಗಾಗ ಹೋಗಿ ನೋಡುವುದು. ಮೂರನೆಯದನ್ನೇ ನಮ್ಮವರು ಬಿಟ್ಟುಬಿಡುತ್ತಾರೆ. ‘ಈ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಈಗಲೇ ಏಕೆ ಬದಲಿಸಿದೆ?’ ಎಂದು ಕೇಳಿದರೆ ಉತ್ತರ ಹೇಳಲಾರದ ಹುಡುಗ ಇನ್ನೂ ಕಲಿತಿಲ್ಲವೆಂದೇ ಅರ್ಥ.

ಗೋಡೆಗೊಂದು ಪಟ್ಟಿ ಹಾಕಿ. ಎಡಕ್ಕೆ ಹೆಸರುಗಳು, ಮೇಲೆ ಕೆಲಸಗಳು, ಪ್ರತಿ ಮನೆಯಲ್ಲೂ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಕಲಿಯುತ್ತಿದ್ದರೆ ಒಂದು ಭಾಗ, ಇನ್ನೊಬ್ಬರ ಕಣ್ಗಾವಲಿನಲ್ಲಿ ಮಾಡಬಲ್ಲವನಾದರೆ ಎರಡು, ಒಬ್ಬನೇ ಮಾಡಬಲ್ಲವನಾದರೆ ಮೂರು, ಇನ್ನೊಬ್ಬನಿಗೆ ಕಲಿಸಬಲ್ಲವನಾದರೆ ಪೂರ್ಣ ವೃತ್ತ ತುಂಬಬೇಕು. ಯಾವ ಕೆಲಸದ ಸಾಲಿನಲ್ಲಿ ಒಂದೇ ಒಂದು ಪೂರ್ಣ ವೃತ್ತವಿದೆಯೋ ನಿಮ್ಮ ಅಪಾಯ ಅಲ್ಲಿದೆ. ನೀವು ಬರೆದುದನ್ನು ನೋಡಿದರೆ ಎಲ್ಲ ಸಾಲಿನಲ್ಲೂ ಅದೇ ಸೆಟ್ಟರ್ ಇರುವಂತಿದೆ.

ಉತ್ತರ 2 (ಮಾನವ ಸಂಪನ್ಮೂಲ ವಿಭಾಗದ ಉದ್ಯೋಗಿ, ಯಶವಂತಪುರ)

ಬಾಂಡ್ ಕುರಿತು ಮಾತ್ರ ಬರೆಯುತ್ತೇನೆ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ, ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಎತ್ತಿಹಿಡಿಯಿತು. ಇದನ್ನು ಓದಿ ನಿಮ್ಮ ಪಾಲುದಾರರು ಹಿಗ್ಗುವುದು ಬೇಡ. ಅದು ವ್ಯವಸ್ಥಾಪಕ ದರ್ಜೆಯ ಹುದ್ದೆ. ಹೊಸ ನೇಮಕಾತಿಗೆ ಸರ್ಕಾರಿ ಬ್ಯಾಂಕು ಜಾಹೀರಾತು ಕೊಟ್ಟು ಸುದೀರ್ಘ ಆಯ್ಕೆ ಪ್ರಕ್ರಿಯೆ ನಡೆಸಬೇಕಾಗುತ್ತದೆ ಎಂಬುದನ್ನೂ ನ್ಯಾಯಾಲಯ ಪರಿಗಣಿಸಿತು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ನಿಮಗೆ ಸಿಗುವುದು ಸಮಂಜಸ ಪರಿಹಾರವೇ ಹೊರತು ಬರೆಸಿಕೊಂಡ ಮೊತ್ತವೆಲ್ಲ ತಾನಾಗಿ ಸಿಗುವುದಿಲ್ಲ. ಸೆಟ್ಟರ್ ಪಕ್ಕದಲ್ಲಿ ನಿಂತು ಕಲಿತದ್ದಕ್ಕೆ ಎಷ್ಟು ಖರ್ಚಾಯಿತೆಂದು ಯಾವ ಲೆಕ್ಕ ತೋರಿಸುತ್ತೀರಿ? ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವ ಕೆಟ್ಟ ಚಾಳಿಯನ್ನಂತೂ ದಯವಿಟ್ಟು ಆರಂಭಿಸಬೇಡಿ.

ಇನ್ನೊಂದು ವಿಷಯ. 30 ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ. 42 ಮಂದಿಗೆ ಆರು ಜನರವರೆಗೆ ಆಗುತ್ತದೆ, ಶಿಷ್ಯವೇತನದ ಒಂದು ಪಾಲನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ. ಹೊರಗಿನ ತರಬೇತಿ ಬೇಕಾದರೆ ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಆರಂಭವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ರಾಜಾಜಿನಗರದಲ್ಲೇ ಇದೆ.

ಉತ್ತರ 3 (ಸಿಎನ್‌ಸಿ ಪ್ರೋಗ್ರಾಮರ್, ದಾಸರಹಳ್ಳಿ)

ಬಿಟ್ಟುಹೋದವರ ಪರವಾಗಿ ಒಂದು ಮಾತು. ನಿಮ್ಮಂಥದೇ ಒಂದು ಘಟಕದಲ್ಲಿ ನಾನು ಎರಡು ವರ್ಷ ಇದ್ದೆ. ಭಾನುವಾರಗಳಂದು ನನ್ನದೇ ಹಣದಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿತು ಬಂದರೂ ನನ್ನ ಪಾಲಿಗೆ ಉಳಿದದ್ದು ಯಂತ್ರಕ್ಕೆ ಲೋಹದ ಬಿಲ್ಲೆ ಹಾಕಿ ಬಾಗಿಲು ಮುಚ್ಚಿ ಗುಂಡಿ ಒತ್ತುವ ಕೆಲಸವೇ. ಕೇಳಿದಾಗಲೆಲ್ಲ ‘ಈ ಆರ್ಡರ್ ಮುಗಿಯಲಿ’ ಎನ್ನುತ್ತಿದ್ದರು. ಹೊಸ ಕಡೆ ಸಿಕ್ಕಿದ್ದು 2,000 ರೂಪಾಯಿ ಮಾತ್ರ ಹೆಚ್ಚು, ಆದರೆ ಮೊದಲ ವಾರವೇ ಪ್ರೋಗ್ರಾಂ ತಿದ್ದಲು ಬಿಟ್ಟರು. ಹಿರಿಯರು ಹೇಳಿದ ಪಟ್ಟಿಯನ್ನು ಹಾಕಿ, ಆದರೆ ಒಂದು ಭಾಗ ತುಂಬಿದಾಗ ಸಂಬಳದಲ್ಲೂ ಕೆಲಸದಲ್ಲೂ ಏನು ಬದಲಾಗುತ್ತದೆಂಬುದನ್ನು ಅದರ ಪಕ್ಕದಲ್ಲೇ ಬರೆಯಿರಿ. ಇಲ್ಲದಿದ್ದರೆ ನಿಮ್ಮ ಪಟ್ಟಿಯನ್ನೇ ಹುಡುಗರು ಮುಂದಿನ ಕಂಪನಿಗೆ ಫೋಟೊ ತೆಗೆದು ಕಳಿಸುತ್ತಾರೆ!

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ನಿನ್ನೆ ನಮ್ಮ ಸೆಟ್ಟರ್ ಜೊತೆ ಕುಳಿತು ಪಟ್ಟಿ ಬರೆದೆವು. ಹದಿನಾಲ್ಕು ಕೆಲಸಗಳಲ್ಲಿ ಒಂಬತ್ತಕ್ಕೆ ಪೂರ್ಣ ವೃತ್ತ ಅವರೊಬ್ಬರದೇ. ಅವರು ಆಗ ಹೇಳಿದ ಸಂಗತಿ ನನಗೆ ಹೊಳೆದೇ ಇರಲಿಲ್ಲ: ಕಲಿಸಲು ನಿಂತ ಹೊತ್ತಿನಲ್ಲಿ ಅವರ ಪಾಳಿಯ ಉತ್ಪಾದನೆ ಕುಗ್ಗುತ್ತದೆ, ಅವರ ಪ್ರೋತ್ಸಾಹಧನ ನಿಂತಿರುವುದು ಆ ಉತ್ಪಾದನೆಯ ಮೇಲೆಯೇ. ಈ ತಿಂಗಳಿಂದ ವಾರಕ್ಕೆ ನಾಲ್ಕು ಗಂಟೆಯನ್ನು ಆ ಲೆಕ್ಕದಿಂದ ಹೊರಗಿಡುತ್ತಿದ್ದೇವೆ. ಬಾಂಡ್ ಮಾತನ್ನು ಪಾಲುದಾರರು ಕೈಬಿಟ್ಟಿದ್ದಾರೆ. ಸಂಬಳದ ಹಂತಗಳಿಗೆ ಇನ್ನೂ ಒಪ್ಪಿಲ್ಲ. ಆಯುಧಪೂಜೆಯೊಳಗೆ ಒಪ್ಪಿಸಬೇಕೆಂದುಕೊಂಡಿದ್ದೇನೆ.