ಪದಚರ್ಚೆ: ಒಂದೇ ಹೆಸರಿನ ಹಲವರು – ಸನಾಮರೋ, ಸಮನಾಮಿಗಳೋ, ಹೆಸರಿಗರೋ?

ಪ್ರಶ್ನೆ

ಬೇರೆ ಬೇರೆ ಕ್ಷೇತ್ರಗಳಲ್ಲಿ ಹೆಸರು ಮಾಡಿದ, ಆದರೆ ಒಂದೇ ಹೆಸರು ಹೊಂದಿರುವ ವ್ಯಕ್ತಿಗಳ ಪಟ್ಟಿಯೊಂದಕ್ಕೆ ತಲೆಬರಹ ಬೇಕಾಗಿದೆ. ‘ಸಮನಾಮಿಗಳು’, ‘ಏಕನಾಮರು’, ‘ಸನಾಮರು’ – ಇವುಗಳಲ್ಲಿ ಯಾವುದು ಸರಿ? ‘ನಾಮಸಾಮ್ಯತೆ’ ಎಂಬುದನ್ನೂ ಅಲ್ಲಲ್ಲಿ ನೋಡುತ್ತೇವೆ. ಅಚ್ಚಗನ್ನಡದ ಪದ ಸಿಕ್ಕರೆ ಇನ್ನೂ ಒಳ್ಳೆಯದು. ಜೊತೆಗೆ, ಪಟ್ಟಿಯೊಳಗೆ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವುದು ಹೇಗೆ? ಆವರಣದಲ್ಲಿ ಕ್ಷೇತ್ರ ಬರೆದರೆ ಸಾಕೇ?

ಉತ್ತರ – 1

ಮೂರರಲ್ಲಿ ವ್ಯಾಕರಣದ ಬಲವಿರುವುದು ‘ಸನಾಮ’ಕ್ಕೆ. ಪಾಣಿನಿಯ ಅಷ್ಟಾಧ್ಯಾಯಿಯ 6.3.85ನೆಯ ಸೂತ್ರ ಹನ್ನೆರಡು ಪದಗಳನ್ನು ಪಟ್ಟಿ ಮಾಡಿದೆ. ಇವು ಉತ್ತರಪದವಾಗಿ, ಅಂದರೆ ಸಮಾಸದ ಕೊನೆಯ ಪದವಾಗಿ ಬಂದಾಗ ಅವುಗಳ ಹಿಂದಿನ ‘ಸಮಾನ’ ಎಂಬುದು ಬರೀ ‘ಸ’ ಆಗುತ್ತದೆ. ಆ ಪಟ್ಟಿಯಲ್ಲಿ ‘ನಾಮ’ ಐದನೆಯದು, ‘ಗೋತ್ರ’ ಆರನೆಯದು. ಸಮಾನ ಗೋತ್ರದವರು ಸಗೋತ್ರರಾದ ಹಾಗೆಯೇ ಸಮಾನ ನಾಮದವರು ಸನಾಮರು. ಸವರ್ಣದೀರ್ಘ ಸಂಧಿಯ ‘ಸವರ್ಣ’ವೂ ಇದೇ ಸೂತ್ರದ ಫಲ. ಆದ್ದರಿಂದ ಇದು ಹೊಸದಾಗಿ ಹೊಸೆದ ಪದವಲ್ಲ, ಬಳಕೆ ತಪ್ಪಿದ ಪದ ಅಷ್ಟೇ.

ತೊಡಕು ಇಲ್ಲದಿಲ್ಲ. ಕನ್ನಡ ಓದುಗನಿಗೆ ‘ಸ’ ಎಂದರೆ ಮೊದಲು ಹೊಳೆಯುವುದು ‘ಕೂಡಿದ’ ಎಂಬ ಅರ್ಥ: ಸಕುಟುಂಬ, ಸಚಿತ್ರ, ಸಶರೀರ. ಆ ಜಾಡಿನಲ್ಲಿ ಹೋದರೆ ಸನಾಮ ಎಂದರೆ ‘ಹೆಸರುಳ್ಳವನು’ ಎಂದಾಗುತ್ತದೆ. ಒಂದು ಒತ್ತಕ್ಷರ ಹೆಚ್ಚಾದರೆ ‘ಸನ್ನಾಮ’, ಅಂದರೆ ಒಳ್ಳೆಯ ಹೆಸರು. ಮೊದಲ ಸಲ ಬಳಸುವಾಗ ‘ಸನಾಮರು, ಎಂದರೆ ಒಂದೇ ಹೆಸರಿನವರು’ ಎಂದು ಬಿಡಿಸಿ ಹೇಳಿಬಿಟ್ಟರೆ ಮುಂದೆ ತೊಂದರೆಯಿಲ್ಲ.

‘ಸಮನಾಮ’ ರಚನೆಯಲ್ಲಿ ತಪ್ಪಲ್ಲ, ಆದರೆ ಕಿವಿಗೆ ‘ಸಮಾನಪದ’, ‘ಸಮಾನಾರ್ಥಕ’ಗಳ ನೆಂಟನಂತೆ ಕೇಳುತ್ತದೆ. ನಮ್ಮ ವಿಷಯ ಅದರ ತದ್ವಿರುದ್ಧ. ಸಮಾನಾರ್ಥಕದಲ್ಲಿ ಪದ ಎರಡು, ವಸ್ತು ಒಂದು. ಇಲ್ಲಿ ಹೆಸರು ಒಂದು, ಆಸಾಮಿಗಳು ಇಬ್ಬರು. ನಿಘಂಟಿನ ಭಾಷೆಯಲ್ಲಿ ಹೇಳುವುದಾದರೆ ಇದು ನಾನಾರ್ಥದ ಸಂಬಂಧಿ. ‘ಏಕನಾಮ’ವನ್ನು ಒಂದೇ ಒಂದು ಹೆಸರಿನಿಂದ ಗುರುತಾಗುವವರಿಗೆ ಮೀಸಲಿಡುವುದು ಒಳ್ಳೆಯದು. ಇನ್ನು ‘ನಾಮಸಾಮ್ಯತೆ’. ‘ಸಮ’ದ ಭಾವರೂಪವೇ ‘ಸಾಮ್ಯ’. ಅದರ ಮೇಲೆ ಇನ್ನೊಂದು ‘ತೆ’ ಅಂಟಿಸುವುದು ಪ್ರಾಮುಖ್ಯತೆ, ಸೌಜನ್ಯತೆಗಳ ದಾರಿ. ‘ಐಕ್ಯತೆ’ಯನ್ನು ಇನ್ನು ಯಾರೂ ತಡೆಯಲಾರರು, ‘ನಾಮಸಾಮ್ಯ’ವನ್ನಾದರೂ ಉಳಿಸಿಕೊಳ್ಳಬಹುದು. ಆದರೆ ಅದು ಸಂಗತಿಯನ್ನು ಹೇಳುವ ಪದ, ವ್ಯಕ್ತಿಗಳನ್ನಲ್ಲ. ಪೂರ್ತಿ ಒಂದೇ ಅಲ್ಲದ, ಬರೀ ಹೋಲುವ ಹೆಸರುಗಳನ್ನೂ ಅದು ಒಳಗೊಳ್ಳುತ್ತದೆ.

ಅಚ್ಚಗನ್ನಡದಲ್ಲಿ ‘ಹೆಸರಿಗ’ ಎಂದು ಕಟ್ಟಬಹುದು, ಆದರೆ ಪಕ್ಕದಲ್ಲೇ ‘ಹೆಸರಿಗೆ ಮಾತ್ರ’ ಹೊಂಚು ಹಾಕಿ ಕುಳಿತಿದೆ. ‘ಒಡಹುಟ್ಟಿದವರು’ ಮಾದರಿಯಲ್ಲಿ ‘ಒಡಹೆಸರಿನವರು’ ಎಂದರೆ ಹೆಸರಿನ ಜೊತೆಗೆ ಬರುವ ಇನ್ನೊಂದು ಹೆಸರು, ಅಂದರೆ ಅಡ್ಡಹೆಸರು ಎಂಬ ಅರ್ಥ ಮೂಡುತ್ತದೆ. ತಮಿಳಿನಲ್ಲಿ ಮೊಮ್ಮಗನಿಗೆ ‘ಪೇರನ್’ ಎನ್ನುತ್ತಾರೆ, ತಾತನ ಪೆಯರ್ ಹೊತ್ತವನು ಎಂಬ ಅರ್ಥದಲ್ಲಿ. ಆ ‘ಪೆಯರ್’, ಹಳಗನ್ನಡದ ‘ಪೆಸರ್’, ಇಂದಿನ ‘ಹೆಸರು’ ಒಂದೇ ಬೇರಿನವು. ನಮ್ಮಲ್ಲಿ ಆ ಬೇರು ಹೀಗೆ ಚಿಗುರಲಿಲ್ಲ.

ಮಾತಿನಲ್ಲಿ ನಾವು ಹೇಳುವುದು ‘ಒಂದೇ ಹೆಸರಿನವರು’, ‘ಅದೇ ಹೆಸರಿನ ಇನ್ನೊಬ್ಬರು’. ತಲೆಬರಹಕ್ಕೆ ಇದೇ ಸಾಕು. ‘ಒಂದೇ’ ಎಂಬುದನ್ನು ಮಾತ್ರ ಬಿಡಬಾರದು. ‘ಕುವೆಂಪು ಹೆಸರಿನ ವಿಶ್ವವಿದ್ಯಾಲಯ’ ಎಂದಾಗ ಹೆಸರು ಇಟ್ಟದ್ದು. ‘ಒಂದೇ ಹೆಸರಿನ ಇಬ್ಬರು’ ಎಂದಾಗ ಹೆಸರು ಕಾಕತಾಳೀಯವಾಗಿ ಕೂಡಿದ್ದು. ಇಂಗ್ಲಿಷ್ ಎರಡಕ್ಕೂ ‘ನೇಮ್‌ಸೇಕ್’ ಎಂಬ ಒಂದೇ ಪದ ಇಟ್ಟುಕೊಂಡಿರುವುದರಿಂದ ಅನುವಾದದಲ್ಲಿ ಈ ಗೆರೆ ಅಳಿಸಿಹೋಗುತ್ತದೆ.

ಬೇರ್ಪಡಿಸುವ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ಮೊದಲು ನೋಡಬೇಕಾದ್ದು, ಕೂಡಿರುವುದು ಯಾವ ಹೆಸರು ಎಂಬುದನ್ನು. ಕಾರಂತ ಎಂಬುದು ಮನೆತನದ ಹೆಸರು. ಶಿವರಾಮ ಕಾರಂತರೂ ಬಿ. ವಿ. ಕಾರಂತರೂ ಸನಾಮರಲ್ಲ. ಆದರೂ ಗೊಂದಲಕ್ಕೆ ಇವರಷ್ಟು ಒಳ್ಳೆಯ ಉದಾಹರಣೆ ಇಲ್ಲ: ‘ಕಾರಂತರ ಚೋಮನ ದುಡಿ’ ಎಂದರೆ ಒಬ್ಬರು 1933ರಲ್ಲಿ ಬರೆದ ಕಾದಂಬರಿಯೂ ಹೌದು, ಇನ್ನೊಬ್ಬರು 1975ರಲ್ಲಿ ನಿರ್ದೇಶಿಸಿದ ಚಲನಚಿತ್ರವೂ ಹೌದು. ಇಲ್ಲಿ ಕೃತಿಯ ಹೆಸರು ಸೇರಿಸಿದರೂ ಬಿಡುಗಡೆಯಿಲ್ಲ, ಪ್ರಕಾರವನ್ನೇ ಹೇಳಬೇಕು.

ರಾಮಾನುಜನ್ ಇದರ ಮಗ್ಗುಲು ಬದಲಿಸಿದ ರೂಪ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ (1887–1920) ಅವರ ಹೆಸರಿನಲ್ಲಿ ಶ್ರೀನಿವಾಸ ಎಂಬುದು ತಂದೆಯ ಹೆಸರು. ಮೈಸೂರಿನಲ್ಲಿ ಹುಟ್ಟಿದ ಕವಿ, ಜಾನಪದ ವಿದ್ವಾಂಸ ಎ. ಕೆ. ರಾಮಾನುಜನ್ (1929–1993) ಅವರ ‘ಕೆ’ ಕೂಡ ತಂದೆ ಕೃಷ್ಣಸ್ವಾಮಿಯದು. ಆ ಕೃಷ್ಣಸ್ವಾಮಿಯವರೂ ಗಣಿತದ ಪ್ರಾಧ್ಯಾಪಕರೇ ಆಗಿದ್ದರು ಎಂಬುದು ಗೊಂದಲಕ್ಕೆ ಒಗ್ಗರಣೆ. ಇಬ್ಬರಿಗೂ ಇಟ್ಟ ಹೆಸರು ರಾಮಾನುಜನ್ ಎಂದೇ. ಪಾಶ್ಚಾತ್ಯ ಸೂಚಿಗಳಲ್ಲಿ ಇದು ಕುಲನಾಮದ ಜಾಗದಲ್ಲಿ ಕೂರುವುದರಿಂದ ಇಬ್ಬರೂ ಒಂದೇ ಮನೆತನದವರಂತೆ ಕಾಣುತ್ತಾರೆ. ಇವರು ನಿಜವಾದ ಸನಾಮರು.

ಇನಿಷಿಯಲ್ ಬಿಡಬಾರದು ಎನ್ನುವುದು ಇದಕ್ಕೇ. ಅದು ಅಲಂಕಾರವಲ್ಲ, ಊರು ಮತ್ತು ತಂದೆಯ ಗುರುತು. ಗಾಯಕ, ಸಂಗೀತ ಸಂಯೋಜಕ ಸಿ. ಅಶ್ವತ್ಥ್ 2009ರ ಡಿಸೆಂಬರ್ 29ರಂದು ತೀರಿಕೊಂಡರು, ನಟ ಕೆ. ಎಸ್. ಅಶ್ವತ್ಥ್ ಹೋದದ್ದು 2010ರ ಜನವರಿ 18ರಂದು. ನಡುವೆ ಮೂರು ವಾರವೂ ಇಲ್ಲ. ಆ ದಿನಗಳ ಬರಹದಲ್ಲಿ ‘ಅಶ್ವತ್ಥ್ ನಿಧನ’ ಎಂದಷ್ಟೇ ಇದ್ದರೆ ಯಾರು ಎಂದು ತಿಳಿಯಲು ತಾರೀಖು ನೋಡಬೇಕು. ಹುಡುಕುವಾಗ ಇನ್ನೊಂದು ಪೇಚು: ಅರಳಿಮರದ ಹೆಸರಾದ ‘ಅಶ್ವತ್ಥ’ದಲ್ಲಿ ತ-ಕ್ಕೆ ಥ ಒತ್ತು. ‘ಅಶ್ವಥ್’ ಎಂಬ ತಪ್ಪು ರೂಪವೇ ಹೆಚ್ಚು ಓಡಾಡುತ್ತಿರುವುದರಿಂದ ಎರಡನ್ನೂ ಹಾಕಿ ಹುಡುಕಬೇಕು, ಸೂಚಿಯಲ್ಲಿ ಮಾತ್ರ ಸರಿಯಾದದ್ದನ್ನು ಇಡಬೇಕು.

ಇನಿಷಿಯಲ್ಲೂ ಕೈಕೊಡುವ ಪ್ರಸಂಗ ಎಸ್. ಚಂದ್ರಶೇಖರ್. ಒಬ್ಬರು ಸುಬ್ರಹ್ಮಣ್ಯನ್ ಚಂದ್ರಶೇಖರ್ (1910–1995), ನಕ್ಷತ್ರಗಳ ಕೊನೆಗಾಲದ ‘ಚಂದ್ರಶೇಖರ್ ಮಿತಿ’ಯವರು, 1983ರ ನೊಬೆಲ್ ಪಡೆದವರು. ಇನ್ನೊಬ್ಬರು ಶಿವರಾಮಕೃಷ್ಣ ಚಂದ್ರಶೇಖರ್ (1930–2004), ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವಸ್ಫಟಿಕಗಳ ಮೇಲೆ ದುಡಿದವರು. ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು 1977ರಲ್ಲಿ ವರದಿ ಮಾಡಿದ ತಂಡ ಅವರದು. ಇನಿಷಿಯಲ್ ಒಂದೇ, ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ರಾಯಲ್ ಸೊಸೈಟಿಯ ಫೆಲೋಗಳು, ಸಾಲದೆಂಬಂತೆ ಇಬ್ಬರೂ ಸಿ. ವಿ. ರಾಮನ್ ಅವರ ಹತ್ತಿರದ ರಕ್ತಸಂಬಂಧಿಗಳು. ಆವರಣದಲ್ಲಿ ‘ಭೌತವಿಜ್ಞಾನಿ’ ಎಂದರೆ ಏನೂ ಹೇಳಿದಂತಾಗಲಿಲ್ಲ; ‘ಖಭೌತವಿಜ್ಞಾನಿ’, ‘ದ್ರವಸ್ಫಟಿಕ ವಿಜ್ಞಾನಿ’ ಎಂದು ಇಳಿಯಬೇಕು. ಅನುವಾದಕರು ಇಬ್ಬರನ್ನೂ ‘ರಾಮನ್ ಅವರ ಸೋದರಳಿಯ’ ಎಂದು ಬರೆಯುವುದುಂಟು. ಮೊದಲನೆಯವರು ರಾಮನ್ ಅವರ ಅಣ್ಣನ ಮಗ, ಎರಡನೆಯವರು ಸೋದರಿಯ ಮಗ. ಸೋದರಳಿಯ ಎರಡನೆಯವರು ಮಾತ್ರ. ಇಂಗ್ಲಿಷಿನ ‘ನೆಫ್ಯೂ’ ಬೇರ್ಪಡಿಸದ ಇಬ್ಬರನ್ನು ಕನ್ನಡದ ನೆಂಟಸ್ತಿಕೆಯ ಪದಗಳೇ ಬೇರ್ಪಡಿಸುತ್ತವೆ, ಸರಿಯಾಗಿ ಬಳಸಿದರೆ. ಬರೀ ‘ಚಂದ್ರಶೇಖರ್’ ಎಂದರಂತೂ ಮೈಸೂರಿನ ಸ್ಪಿನ್ ಬೌಲರ್ ಬಿ. ಎಸ್. ಚಂದ್ರಶೇಖರ್, 1990–91ರ ಪ್ರಧಾನಿ ಚಂದ್ರಶೇಖರ್, ಕವಿ ಚಂದ್ರಶೇಖರ ಕಂಬಾರ ಎಲ್ಲರೂ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾಗಿ ಕ್ರಮ ಇಷ್ಟು: ಹೆಸರು, ಬಿಡದೆ ಇನಿಷಿಯಲ್, ಅದು ಸಾಲದಿದ್ದರೆ ಕ್ಷೇತ್ರ, ಕ್ಷೇತ್ರವೂ ಒಂದೇ ಆದರೆ ಉಪಕ್ಷೇತ್ರ, ಕೊನೆಗೆ ಜನನ–ಮರಣದ ವರ್ಷ. ಎಲ್ಲ ಕಡೆ ಎಲ್ಲವನ್ನೂ ತುಂಬಬೇಕಿಲ್ಲ. ಚಿಂತಕ ಫ್ರಾನ್ಸಿಸ್ ಬೇಕನ್ (1561–1626), ಚಿತ್ರಕಾರ ಫ್ರಾನ್ಸಿಸ್ ಬೇಕನ್ (1909–1992) ಇವರಿಗೆ ಕ್ಷೇತ್ರವೊಂದೇ ಸಾಕು. ನಟಿ ಎಲಿಜಬೆತ್ ಟೇಲರ್, ಕಾದಂಬರಿಗಾರ್ತಿ ಎಲಿಜಬೆತ್ ಟೇಲರ್ ಇವರಿಗೂ ಅಷ್ಟೇ. ಆದರೆ ವಿನ್‌ಸ್ಟನ್ ಚರ್ಚಿಲ್‌ಗೆ ‘ಲೇಖಕ’ ಎಂದು ಬರೆದರೆ ಕೆಡುತ್ತದೆ, ಇಬ್ಬರೂ ಲೇಖಕರೇ. ಅಮೆರಿಕದ ಕಾದಂಬರಿಕಾರ ಚರ್ಚಿಲ್ (1871–1947) ಆಗಲೇ ಹೆಸರಾಗಿದ್ದರು. ಆದ್ದರಿಂದ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ 1899ರಲ್ಲಿ ಅವರಿಗೆ ಪತ್ರ ಬರೆದು, ತನ್ನ ಬರಹಗಳಿಗೆ ‘ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್’ ಎಂದು ಸಹಿ ಹಾಕುವುದಾಗಿ ಹೇಳಿದರು. ಪುಸ್ತಕಗಳ ಮೇಲೆ ಕಾಣುವ ‘ಎಸ್.’ ಅದೇ. ಸನಾಮರು ತಾವೇ ಬಗೆಹರಿಸಿಕೊಂಡ ಅಪರೂಪದ ಉದಾಹರಣೆ ಇದು. ಅದನ್ನು ಸಂಪಾದಕರು ಬಿಟ್ಟುಬಿಡುವುದು ಅನ್ಯಾಯ.

ಉತ್ತರ – 2

ಮೇಲಿನದಕ್ಕೆ ಮೂರು ಸೇರ್ಪಡೆ.

ಒಂದು, ‘ಇಮ್ಮಡಿ’. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್, ನಾಲ್ವಡಿ ಕೃಷ್ಣರಾಜ ಒಡೆಯರ್ – ಇವು ಒಂದೇ ವಂಶದೊಳಗಿನ ಎಣಿಕೆ. ಪಠ್ಯಗಳಲ್ಲಿ ‘ಇಮ್ಮಡಿ ನಾಗವರ್ಮ’ ಎಂದು ಕಾಣುವುದು ನಿಜ, ಆದರೆ ಛಂದೋಂಬುಧಿಯ ನಾಗವರ್ಮನ ಸಿಂಹಾಸನವನ್ನೇನೂ ಕಾವ್ಯಾವಲೋಕನದ ನಾಗವರ್ಮ ಏರಲಿಲ್ಲ. ‘ಎರಡನೆಯ ನಾಗವರ್ಮ’ ವಾಸಿ. ಎರಡನೆಯವನ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲದ್ದರಿಂದ ಕೃತಿಯಿಂದ ಗುರುತಿಸುವುದು ಇನ್ನೂ ವಾಸಿ. ಚಾವುಂಡರಾಯರಿಗೂ ಇದೇ ಮಾತು. ಒಬ್ಬ ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ, 978ರ ಚಾವುಂಡರಾಯಪುರಾಣದ ಕರ್ತೃ. ಇನ್ನೊಬ್ಬ ಸುಮಾರು 1025ರಲ್ಲಿ, ಚಾಲುಕ್ಯರ ಕಾಲದಲ್ಲಿ, ಅಂತರ್ಜಲ ಪತ್ತೆಯಿಂದ ಅಡುಗೆಯವರೆಗೆ ಎಲ್ಲವನ್ನೂ ಹೇಳುವ ಲೋಕೋಪಕಾರ ಬರೆದವನು. ‘ಲೋಕೋಪಕಾರದ ಚಾವುಂಡರಾಯ’ ಎಂದರೆ ಅಂಕಿ ಬೇಡ. ‘ಅಭಿನವ ಪಂಪ’ನನ್ನು ಮಾತ್ರ ಈ ಪಟ್ಟಿಗೆ ಎಳೆತರಬಾರದು: ಅವನ ಹೆಸರು ನಾಗಚಂದ್ರ, ಪಂಪ ಎಂಬುದು ಅವನು ಧರಿಸಿದ ಬಿರುದಿನ ಭಾಗ.

ಎರಡು, ಕನ್ನಡದ ವಿಭಕ್ತಿ ಮತ್ತು ಬರವಣಿಗೆ ಅರ್ಧ ಕೆಲಸ ಮಾಡಿಕೊಡುತ್ತವೆ. ‘ವಿಷ್ಣುವರ್ಧನನು’ ಎಂದರೆ ಹೊಯ್ಸಳ ದೊರೆ, ‘ವಿಷ್ಣುವರ್ಧನ್ ಅವರು’ ಎಂದರೆ 1972ರ ನಾಗರಹಾವು ಚಿತ್ರದಲ್ಲಿ ಪುಟ್ಟಣ್ಣ ಕಣಗಾಲರಿಂದ ಆ ಹೆಸರು ಪಡೆದ ನಟ. ಸತ್ತು ಶತಮಾನ ಕಳೆದವರಿಗೆ ಏಕವಚನ, ನಮ್ಮ ಕಾಲದವರಿಗೆ ಬಹುವಚನ ಮತ್ತು ಕೊನೆಯಲ್ಲಿ ಅರ್ಧಾಕ್ಷರ. ‘ವಿಷ್ಣುವರ್ಧನರ’ ಎಂದು ಎಳೆದ ಕೂಡಲೇ ಈ ಅನುಕೂಲ ಹೋಗುತ್ತದೆ. ‘ಹರಿಹರದ ಗುಡಿ’ ಊರಿನದು, ‘ಹರಿಹರನ ರಗಳೆ’ ಕವಿಯದು, ‘ಹರಿಹರನ್ ಹಾಡು’ ಗಾಯಕನದು. ಒಂದು ಅರ್ಧಾಕ್ಷರ ಅಳಿಸಿದರೆ ಗಾಯಕನ ಹಾಡು ಹನ್ನೆರಡನೆಯ ಶತಮಾನದ ಕವಿಯ ಪಾಲಾಗುತ್ತದೆ! ಆದರೆ ಕವಿ ಹರಿಹರನನ್ನೂ 1336ರಲ್ಲಿ ವಿಜಯನಗರ ಕಟ್ಟಿದ ಹರಿಹರನನ್ನೂ ವಿಭಕ್ತಿ ಬೇರೆ ಮಾಡದು. ಅಲ್ಲಿ ‘ಕವಿ’, ‘ದೊರೆ’ ಎಂದು ಮುಂದಿಡಲೇಬೇಕು.

ಮೂರು, ಜಾಲತಾಣಗಳಲ್ಲಿ ಇಂಥ ಪುಟಗಳಿಗೆ ‘ದ್ವಂದ್ವ ನಿವಾರಣೆ’ ಎಂಬ ಹೆಸರು ಬಳಕೆಯಲ್ಲಿದೆ. ದ್ವಂದ್ವ ಎಂದರೆ ಜೋಡಿ, ಇಲ್ಲವೇ ಮನಸ್ಸಿನ ತೊಳಲಾಟ, ಇಲ್ಲವೇ ಒಂದು ಸಮಾಸ. ಐವರು ಚಂದ್ರಶೇಖರರಲ್ಲಿ ಜೋಡಿಯೂ ಇಲ್ಲ, ತೊಳಲಾಟವೂ ಇಲ್ಲ. ‘ಗೊಂದಲ ನಿವಾರಣೆ’ ನೇರವಾಗಿದೆ, ಓದುಗ ಬಂದಿರುವುದೂ ಅದಕ್ಕೇ.

ಉತ್ತರ – 1ರವರಿಂದ ಮತ್ತೆ

‘ಇಮ್ಮಡಿ’ಯ ಮಾತು ಒಪ್ಪಿದೆ. ಸ್ತ್ರೀಲಿಂಗದ ಬಗ್ಗೆ ಹೇಳುವುದು ಉಳಿದಿತ್ತು. ಸಂಸ್ಕೃತದ ‘ಸನಾಮ್ನೀ’ ಕನ್ನಡದ ನಾಲಿಗೆಗೆ ಒಗ್ಗುವುದಿಲ್ಲ. ಬಹುವಚನದ ‘ಸನಾಮರು’ ಇಬ್ಬರಿಗೂ ಸಲ್ಲುತ್ತದೆ. ಏಕವಚನ ಬೇಕಾದಾಗ ‘ಅದೇ ಹೆಸರಿನ ಇನ್ನೊಬ್ಬಾಕೆ’, ‘ಅದೇ ಹೆಸರಿನ ಇನ್ನೊಬ್ಬರು’ ಎಂದುಬಿಡಿ. ‘ಸನಾಮಿ’ ಬೇಡ, ಅವಸರದಲ್ಲಿ ಓದಿದರೆ ಸುನಾಮಿಯಂತೆ ಕಾಣುತ್ತದೆ.