ತಮ್ಮನ ಐಟಿಐ ಮುಗಿದಿದೆ, ಅಪ್ರೆಂಟಿಸ್‌ಗೆ ಸೇರಿಸೋದಾ, ಗೋವಾಕ್ಕೆ ಕಳಿಸೋದಾ?

ಕುಮಟಾ ಅಕ್ಕ:
ನಮಸ್ಕಾರ. ತಮ್ಮ ಎಲೆಕ್ಟ್ರಿಷಿಯನ್ ಐಟಿಐ ಮುಗಿಸಿದ್ದಾನೆ. ಹುಬ್ಬಳ್ಳಿಯ ಒಂದು ಕಾರ್ಖಾನೆಯಿಂದ ಒಂದು ವರ್ಷದ ಅಪ್ರೆಂಟಿಸ್‌ಗೆ ಕರೆ ಬಂದಿದೆ, ತಿಂಗಳಿಗೆ 7,000. ಅದೇ ಹೊತ್ತಿಗೆ ಗೋವಾದ ವೆರ್ಣಾದಲ್ಲಿ ಒಬ್ಬ ಕಾಂಟ್ರಾಕ್ಟರ್ 14,000 ಕೊಡ್ತೇನೆ, ನಾಳೆಯೇ ಬಾ ಅನ್ನುತ್ತಿದ್ದಾನೆ. ಅಪ್ಪ ತದಡಿಯಲ್ಲಿ ಬೋಟಿಗೆ ಹೋಗುತ್ತಿದ್ದರು, ಮೊಣಕಾಲು ನೋವಿನಿಂದ ಈಗ ಮನೆಯಲ್ಲೇ ಇದ್ದಾರೆ. ದುಡ್ಡು ಬೇಕು, ಆದರೆ ತಮ್ಮನ ಮುಂದಿನ ದಾರಿ ಹಾಳಾಗಬಾರದು. ಅನುಭವ ಇದ್ದವರು ಹೇಳಿ.

ಬಿಣಗಾ ಫಿಟ್ಟರ್:
ಅಪ್ರೆಂಟಿಸ್ ಬಿಡಬೇಡಿ. ನಾನು ಕಾರವಾರದ ನೌಕಾನೆಲೆಯ ಹಡಗು ದುರಸ್ತಿ ಯಾರ್ಡ್‌ನಲ್ಲಿ ಫಿಟ್ಟರ್ ಅಪ್ರೆಂಟಿಸ್ ಮುಗಿಸಿದವನು. ಐಟಿಐಯಲ್ಲಿ ನಾವು ಕಬ್ಬಿಣದ ತುಂಡಿಗೆ ಫೈಲ್ ಹಾಕಿದ್ದು, ಟ್ರೈಸ್ಕ್ವೇರ್ ಇಟ್ಟು ಸಂದಿಯಲ್ಲಿ ಬೆಳಕು ಬರುತ್ತಾ ಅಂತ ನೋಡಿದ್ದು ಜಾಸ್ತಿ. ಯಾರ್ಡ್‌ನಲ್ಲಿ ಪಂಪಿನ ಶಾಫ್ಟನ್ನೂ ಮೋಟಾರಿನ ಶಾಫ್ಟನ್ನೂ ಒಂದೇ ಗೆರೆಗೆ ತರುವ ಕೆಲಸ ಕೊಟ್ಟರು. ಕಪ್ಲಿಂಗ್ ಮೇಲೆ ಡಯಲ್ ಗೇಜ್ ಕೂರಿಸಿ ಕೈಯಲ್ಲೇ ನಿಧಾನ ತಿರುಗಿಸಬೇಕು. ಮುಳ್ಳು ಎಷ್ಟು ಓಡಿತು ಅಂತ ನೋಡಿ ಮೋಟಾರಿನ ಕಾಲಿನ ಕೆಳಗೆ ತೆಳು ತಗಡಿನ ಶಿಮ್ ಸೇರಿಸಬೇಕು. ಬೋಲ್ಟ್ ಬಿಗಿ ಮಾಡಿದ ಕೂಡಲೇ ಮುಳ್ಳು ಮತ್ತೆ ಸರಿಯುತ್ತದೆ. ಹಿರಿಯ ಫಿಟ್ಟರ್ ಪಕ್ಕದಲ್ಲೇ ನಿಂತಿದ್ದರು, ಕೈ ಹಾಕಲಿಲ್ಲ. "ನೀನೇ ಹಿಡಿ" ಅಂದರು. ಇದನ್ನು ಯಾವ ಕಾಂಟ್ರಾಕ್ಟರ್ ಕಲಿಸುತ್ತಾನೆ?

ಕಷ್ಟ ಇರಲಿಲ್ಲ ಅಂತಲ್ಲ. ಪೆಟ್ರೋಲ್, ಮಧ್ಯಾಹ್ನದ ಊಟ ಕಳೆದರೆ ಸ್ಟೈಪೆಂಡಿನಲ್ಲಿ ಉಳಿಯುತ್ತಿದ್ದದ್ದು ಅಷ್ಟಕ್ಕಷ್ಟೆ. ಅಮ್ಮನ ಸಂಘದ ಸಾಲದ ಕಂತು ಕಟ್ಟಲು ಭಾನುವಾರ ಟೈಲ್ಸ್ ಕೆಲಸಕ್ಕೆ ಹೋಗುತ್ತಿದ್ದೆ. ಕೊನೆಗೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಪಾಸಾಗಿ ಎನ್‌ಎಸಿ, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್, ಕೈಗೆ ಬಂತು. ಈಗ ಸರ್ಕಾರಿ ನೌಕರಿಯಲ್ಲಿದ್ದೇನೆ. ಆ ಕಾಗದ ಇಲ್ಲದಿದ್ದರೆ ನಾನು ಅರ್ಜಿಯನ್ನೇ ಹಾಕುವ ಹಾಗಿರಲಿಲ್ಲ.

ಸದಾಶಿವಗಡ ವೈರಿಂಗ್:
ಎಲ್ಲರಿಗೂ ಯಾರ್ಡ್ ಸಿಗುವುದಿಲ್ಲ ಮಾರಾಯ್ರೇ. ನನ್ನ ಕಥೆ ಕೇಳಿ. ನಾನೂ ಎಲೆಕ್ಟ್ರಿಷಿಯನ್ನೇ. ಐಟಿಐ ಮುಗಿದ ತಿಂಗಳೇ ವೆರ್ಣಾ ಹಿಡಿದೆ, ಆಗ ಸಂಬಳ 11,000. ನಾಲ್ಕು ಜನ ಸೇರಿ ಒಂದು ಖೋಲಿ, ನನ್ನ ಪಾಲಿಗೆ 1,800. ಡೆಪಾಸಿಟ್ 5,000 ಕೊಟ್ಟಿದ್ದು, ಬಿಡುವಾಗ ಗೋಡೆಗೆ ಬಣ್ಣ ಹೊಡೆಸಬೇಕು ಅಂತ 3,000 ಹಿಡಿದರು. ಗ್ಯಾಸು, ಅಕ್ಕಿ, ಮೀನು ಸೇರಿ ತಲೆಗೆ 2,500. ಸೇಫ್ಟಿ ಶೂ ಕಾಂಟ್ರಾಕ್ಟರೇ ಕೊಟ್ಟ, ಆಮೇಲೆ ಸಂಬಳದಲ್ಲಿ 900 ಮುರಿದ. ಮೊದಲು ಊರಿಂದಲೇ ಓಡಾಡಿ ನೋಡಿದ್ದೆ. ಶಿರವಾಡ ಸ್ಟೇಷನ್‌ನಲ್ಲಿ ಬೆಳಗಿನ ರೈಲು ಹಿಡಿಯಬೇಕು, ಅದು ತಡವಾದ ದಿನ ಅರ್ಧ ಹಾಜರಿ. ಸದಾಶಿವಗಡದಿಂದ ಸ್ಟೇಷನ್ನಿಗೆ ಬರಲು ಕಾಳಿ ಸೇತುವೆ ದಾಟಬೇಕು. 2024ರ ಆಗಸ್ಟ್ 7ರಂದು ಹಳೇ ಸೇತುವೆ ಮುರಿದು ಬಿತ್ತಲ್ಲ, ಆಮೇಲೆ ರಾತ್ರಿ ಪಾಳಿ ಮುಗಿಸಿ ಬಂದ ದಿನ ಅಮ್ಮ ನಿದ್ದೆಯನ್ನೇ ಮಾಡುತ್ತಿರಲಿಲ್ಲ. ಅದಕ್ಕೇ ಖೋಲಿ ಮಾಡಿದ್ದು.

ಕಾಂಟ್ರಾಕ್ಟರ್ ಪಿಎಫ್ ಅಂತ ತಿಂಗಳು ತಿಂಗಳು ಹಿಡಿದ. ಯುಎಎನ್, ಅಂದರೆ ಪಿಎಫ್ ನಂಬರ್, ಹಾಕಿ ನೋಡಿದರೆ ಅರ್ಧ ತಿಂಗಳುಗಳು ಖಾಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಅದನ್ನು ಬಿಡಿಸಿಕೊಳ್ಳಲು ಜಗಳವೇ ಆಯಿತು. ಆದರೂ ಹೇಳುತ್ತೇನೆ, ಪ್ಯಾನೆಲ್ ಬೋರ್ಡ್ ಕೆಲಸ ನಾನು ಕಲಿತಿದ್ದು ಅಲ್ಲೇ. ಇಂದು 26,000 ತರುತ್ತೇನೆ. ತಂಗಿ ಮದುವೆ ಮಾಡಿದೆ. ಎನ್‌ಎಸಿ ಗಿನ್‌ಎಸಿ ನನ್ನ ಹತ್ತಿರ ಇಲ್ಲ, ಯಾರೂ ಕೇಳಿಲ್ಲ.

ಬಿಣಗಾ ಫಿಟ್ಟರ್:
ಪಿಎಫ್ ಹೋಯಿತು, ಮಾರ್ಕ್ಸ್ ಕಾರ್ಡ್‌ಗೆ ಜಗಳ ಆಯಿತು ಅಂತ ನೀವೇ ಹೇಳಿ, ಮತ್ತೆ ಬೇರೆಯವರ ಮಕ್ಕಳನ್ನೂ ಅಲ್ಲಿಗೇ ಕಳಿಸಿ ಅಂತೀರಾ?

ಸದಾಶಿವಗಡ ವೈರಿಂಗ್:
ನಾನು ಯಾರನ್ನೂ ಕಳಿಸಿ ಅಂದಿಲ್ಲ. ನಿಮಗೆ ನೌಕಾನೆಲೆಗೆ ಜಾಗ ಬಿಟ್ಟ ನಿರಾಶ್ರಿತರ ಲೆಕ್ಕದಲ್ಲಿ ಸೀಟು ಸಿಕ್ಕಿರುತ್ತದೆ, ನಮಗೆ ಆ ಭಾಗ್ಯ ಇಲ್ಲ.

ಬಿಣಗಾ ಫಿಟ್ಟರ್:
ಈ ಮಾತು ವಾಪಸ್ ತಗೊಳ್ಳಿ. ನಮ್ಮಪ್ಪ ಸೀಬರ್ಡ್ ನೌಕಾನೆಲೆ ಯೋಜನೆಗೆ ಗದ್ದೆ, ಮನೆ ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರು, ನಿಜ. ಆದರೆ ನಾನು ಒಳಗೆ ಹೋಗಿದ್ದು ಅಂಕದ ಪಟ್ಟಿಯಲ್ಲಿ ಹೆಸರು ಬಂದು, ಪರೀಕ್ಷೆ ಬರೆದು. ಗದ್ದೆ ಬಿಟ್ಟು ಬರೋದು ಭಾಗ್ಯ ಅನಿಸಿದರೆ ನಮ್ಮ ಅಜ್ಜಿಯ ಹತ್ತಿರ ಬಂದು ಒಮ್ಮೆ ಮಾತಾಡಿ.

ಅಂಕೋಲಾ ತಾಯಿ:
ಜಗಳ ಆಮೇಲೆ ಮಾಡಿ, ಹುಬ್ಬಳ್ಳಿಯದ್ದು ನಾನು ಹೇಳುತ್ತೇನೆ. ನನ್ನ ಮಗ ಮಷಿನಿಸ್ಟ್. ಖಾಸಗಿ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಮಾಡಿದ. 7,000 ಅಂದರೆ ಪೂರ್ತಿ ಒಟ್ಟಿಗೆ ಬರುತ್ತದೆ ಅಂತ ನಾವು ತಿಳಿದಿದ್ದೆವು. ಕೇಂದ್ರದ ಯೋಜನೆಯಲ್ಲಿ ಸೇರಿದ ಕಂಪನಿಯಾದರೆ ಸ್ಟೈಪೆಂಡಿನ ಕಾಲು ಭಾಗ, ಹೆಚ್ಚೆಂದರೆ 1,500, ಸರ್ಕಾರ ಕೊಡುತ್ತದೆ. 2023ರಿಂದ ಅದು ಹುಡುಗನ ಖಾತೆಗೇ ನೇರ ಬರುತ್ತದೆ, ಕಂಪನಿ ಕೊಡುವುದು ಉಳಿದ 5,500. ಮಗನ ಆಧಾರ್ ಜೋಡಣೆ ಆಗಿದ್ದು ಹಳೇ ಸ್ಕಾಲರ್‌ಶಿಪ್ ಖಾತೆಗೆ, ಅದು ಬಂದ್ ಆಗಿತ್ತು. ಸರ್ಕಾರದ ಪಾಲು ತಿಂಗಳುಗಟ್ಟಲೆ ಬರಲೇ ಇಲ್ಲ. ಬ್ಯಾಂಕಿನವರು ಸರ್ಕಾರದ ಅಪ್ರೆಂಟಿಸ್ ಪೋರ್ಟಲ್ ನೋಡಿ ಅಂದರು, ಕಂಪನಿಯವರು ಬ್ಯಾಂಕ್ ಕೇಳಿ ಅಂದರು. ಆ ಅವಧಿಯಲ್ಲಿ ನಾನು ಕೊರಳ ಸರ ಅಡ ಇಟ್ಟು ಅವನ ಖಾನಾವಳಿ ಬಾಕಿ ಕಟ್ಟಿದ್ದೇನೆ.

ಅದಕ್ಕಿಂತ ದೊಡ್ಡದು ಬೆರಳು. ಮಿಲ್ಲಿಂಗ್ ಮಷಿನ್‌ನಲ್ಲಿ ಎಡಗೈ ತೋರುಬೆರಳಿನ ತುದಿ ಹೋಯಿತು. ಇಎಸ್‌ಐ, ಅಂದರೆ ಕಾರ್ಮಿಕರ ಆಸ್ಪತ್ರೆ ವಿಮೆಯ, ಕಾರ್ಡ್ ತೋರಿಸೋಣ ಅಂದರೆ ಅಪ್ರೆಂಟಿಸ್‌ಗೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಕಾನೂನಿನಲ್ಲಿ ಅವನು ಕಾರ್ಮಿಕನೇ ಅಲ್ಲ, ತರಬೇತಿಯವನು. ಆಸ್ಪತ್ರೆ ಬಿಲ್ 38,000 ಆಯಿತು. "ನಿಮ್ಮ ಹುಡುಗನೇ ಗಾರ್ಡ್ ತೆಗೆದಿದ್ದ" ಅಂತ ಮ್ಯಾನೇಜರ್ ಅಂದ. ಅಳುತ್ತಾ ಕೂರಲಿಲ್ಲ ನಾನು. ಅಪ್ರೆಂಟಿಸ್ ಕಾಯ್ದೆ 1961ರ 16ನೇ ಕಲಮಿನಲ್ಲಿ ಕೆಲಸದ ವೇಳೆ ಗಾಯವಾದರೆ ಪರಿಹಾರ ಮಾಲೀಕನ ಹೊಣೆ ಅಂತ ಬರೆದಿದೆ. ಅದರ ಝೆರಾಕ್ಸ್ ಮಾಡಿಸಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟೆ. ಬಿಲ್ಲೂ ಕೊಟ್ಟರು, ಪರಿಹಾರವೂ ಬಂತು. ಅದೂ ಯಾಕೆ ಬಂತು ಅಂದರೆ ಅವನ ಒಪ್ಪಂದ ಪೋರ್ಟಲ್‌ನಲ್ಲಿ ನೋಂದಣಿ ಆಗಿತ್ತು. ಜೊತೆಗಿದ್ದ ಮುಂಡಗೋಡದ ಹುಡುಗನಿಗೆ "ಟ್ರೇನಿ" ಅಂತ ಸುಮ್ನೆ ಬಿಳಿ ಕಾಗದದ ಮೇಲೆ ಬರೆದುಕೊಟ್ಟಿದ್ದರು. ಅವನನ್ನು ಅಪ್ರೆಂಟಿಸ್ ಅಂತಲೇ ಒಪ್ಪುತ್ತಿರಲಿಲ್ಲ.

ಶಿರಸಿ ಗ್ಯಾರೇಜ್:
ನೋಂದಣಿ, ಪೋರ್ಟಲ್, ಕಲಮು. ಕೇಳಿ ಕೇಳಿ ಸಾಕಾಯಿತು. ನನ್ನ ಗ್ಯಾರೇಜಿನಲ್ಲಿ ಕಲಿತು ಹೋದ ಹುಡುಗರು ಇಂದು ಯಲ್ಲಾಪುರ, ಸಿದ್ದಾಪುರ, ಬನವಾಸಿಯಲ್ಲಿ ಸ್ವಂತ ಗ್ಯಾರೇಜ್ ಇಟ್ಟಿದ್ದಾರೆ. ಯಾರಿಗೂ ಸರ್ಟಿಫಿಕೇಟ್ ಕೊಟ್ಟಿಲ್ಲ, ಸ್ಪ್ಯಾನರ್ ಕೊಟ್ಟಿದ್ದೇನೆ. ಹೊಸ ಹುಡುಗ ಬಂದರೆ ವಾರಕ್ಕೆ 1,000, ಎರಡು ಹೊತ್ತು ಊಟ, ಚಹಾ. ಮೊದಲ ಆರು ತಿಂಗಳು ಅವನಿಂದ ನನಗೆ ನಷ್ಟವೇ. ಒಬ್ಬ ಡೀಸೆಲ್ ಪಂಪ್ ಬಿಚ್ಚಿ ಟೈಮಿಂಗ್ ತಪ್ಪಿಸಿದ, ರಿಪೇರಿಗೆ 9,500 ನನ್ನ ಜೇಬಿಂದ. ಕೆಲಸ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಅಡಿಕೆ ಕೊನೆ ಕೊಯ್ಲು ಶುರು, ಹುಡುಗ ತೋಟಕ್ಕೆ. ಕೊಯ್ಲು, ಸುಲಿಯೋದು ಮುಗಿಸಿ ಬರುವ ಹೊತ್ತಿಗೆ ಕೈ ಮರೆತಿರುತ್ತದೆ. ಜಾತ್ರೆ ವರ್ಷ ಬಂದರೆ ಕೇಳುವುದೇ ಬೇಡ, ಮಾರಿಕಾಂಬೆ ಗದ್ದುಗೆ ಏರಿದ ಮೇಲೆ ಗ್ಯಾರೇಜಿನಲ್ಲಿ ನಾನೊಬ್ಬನೇ.

ಹೊನ್ನಾವರ ವೆಲ್ಡರ್ ತಂಗಿ:
ವಾರಕ್ಕೆ 1,000 ಅಂದರೆ ತಿಂಗಳಿಗೆ 4,000 ಚಿಲ್ಲರೆ ಅಲ್ವಾ ಅಣ್ಣಾ? 2019ರ ನಿಯಮದಲ್ಲಿ ಬರೇ ಎಸ್ಸೆಸ್ಸೆಲ್ಸಿ ಆದವನಿಗೇ ಕನಿಷ್ಠ 6,000 ಇದೆ. ಐಟಿಐ ಆದವನಿಗೆ 7,000.

ಶಿರಸಿ ಗ್ಯಾರೇಜ್:
ಅದು 30 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಾರ್ಖಾನೆಗೆ ಕಡ್ಡಾಯ ತಂಗಿ. ನಾವು ನಾಲ್ಕು ಜನರ ಅಂಗಡಿ, ಅಪ್ರೆಂಟಿಸ್ ತಗೊಂಡರೂ ಆಯ್ತು, ಬಿಟ್ಟರೂ ಆಯ್ತು.

ಹೊನ್ನಾವರ ವೆಲ್ಡರ್ ತಂಗಿ:
ತಗೊಳ್ಳುವುದು ನಿಮ್ಮಿಷ್ಟ, ಒಪ್ಪಿದೆ. ತಗೊಂಡ ಮೇಲೆ ಸ್ಟೈಪೆಂಡ್ ಎಷ್ಟು ಅನ್ನುವುದು ನಿಮ್ಮಿಷ್ಟ ಅಲ್ಲ. ನೋಂದಣಿ ಮಾಡದೆ ಇಟ್ಟುಕೊಂಡರೆ ಅವನು ಅಪ್ರೆಂಟಿಸೇ ಅಲ್ಲ, ಕೆಲಸದಾಳು. ಕನಿಷ್ಠ ಕೂಲಿ ಕೊಡಬೇಕು.

ಮೇಲೆ ಬಿಣಗಾ ಅಣ್ಣ ಬರೆದದ್ದಕ್ಕೂ ಒಂದು ಮಾತು ಸೇರಿಸುತ್ತೇನೆ. ಅಪ್ರೆಂಟಿಸ್ ಮುಗಿಸಿದ ಕೂಡಲೇ ಅಲ್ಲೇ ನೌಕರಿ ಸಿಗುತ್ತದೆ ಅಂತ ಯಾರೂ ತಿಳಿಯಬೇಡಿ. ಕೊಡಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲ. 2014ರ ತಿದ್ದುಪಡಿಯಲ್ಲಿ ಪ್ರತಿ ಸಂಸ್ಥೆ ತನ್ನದೇ ನೇಮಕದ ನೀತಿ ಮಾಡಿಕೊಳ್ಳಬೇಕು ಅಂತ ಬಂತು, ಅಷ್ಟೇ. ನನ್ನ ಬ್ಯಾಚಿನವರೆಲ್ಲ ಕೊನೇ ದಿನ ಒಂದು ಸ್ವೀಟ್ ಬಾಕ್ಸ್ ಹಿಡಿದು ಗೇಟಿನಿಂದ ಹೊರಗೆ ಬಂದೆವು. ಮಾರನೇ ದಿನ ನಮ್ಮದೇ ಬೂತ್‌ಗಳಲ್ಲಿ ಹೊಸ ಬ್ಯಾಚ್ ಕೂತಿತ್ತು. ವರ್ಷಪೂರ್ತಿ ಕಾಯಂ ವೆಲ್ಡರ್ ಮಾಡುವ ಕೆಲಸವನ್ನೇ ನಾವೂ ಮಾಡಿದ್ದೆವು. ಸರ್ಕಾರದ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಅನುಮತಿ ಇಲ್ಲದೆ ಅಪ್ರೆಂಟಿಸ್‌ಗೆ ಓವರ್‌ಟೈಮ್ ಹಾಕುವ ಹಾಗಿಲ್ಲ, ಆದರೂ "ಇನ್ನೊಂದು ಜಾಯಿಂಟ್ ಮುಗಿಸಿ ಹೋಗು" ಅನ್ನುವುದು ದಿನಾ ಇತ್ತು. ಹೆಂಗಸರ ಬಚ್ಚಲು ಶೆಡ್ಡಿನ ಆ ತುದಿಯಲ್ಲಿ, ಹೋಗಿ ಬಂದರೆ ಸೂಪರ್‌ವೈಸರ್ ವಾಚ್ ನೋಡುತ್ತಿದ್ದ. ಸಿಟ್ಟು ಇನ್ನೂ ಇದೆ.

ಆದರೆ ಎನ್‌ಎಸಿ ನನಗೆ ಉಪಯೋಗಕ್ಕೆ ಬಂದೇ ಬರುತ್ತದೆ. ರೈಲ್ವೆಯ ಲೆವೆಲ್ 1, ಅಂದರೆ ಮೊದಲ ಹಂತದ, ಹುದ್ದೆಗಳಲ್ಲಿ ಶೇ. 20 ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಮೀಸಲು. ಈಗ ಅದಕ್ಕೇ ಓದುತ್ತಿದ್ದೇನೆ.

ಬಿಣಗಾ ಫಿಟ್ಟರ್:
ಅಲ್ಲೇ ನೌಕರಿ ಸಿಗುತ್ತದೆ ಅಂತ ನಾನೂ ಬರೆದಿಲ್ಲ ತಂಗಿ. ಕಾಗದ ಸಿಗುತ್ತದೆ ಅಂದೆ.

ಸದಾಶಿವಗಡ ವೈರಿಂಗ್:
ನಿರಾಶ್ರಿತರ ಮಾತು ಆಡಬಾರದಿತ್ತು, ಅದನ್ನು ಹಿಂದೆ ತಗೊಳ್ಳುತ್ತೇನೆ. ಉಳಿದದ್ದು ಹಾಗೇ ಇರಲಿ. ಒಂದು ವರ್ಷ 7,000ದಲ್ಲಿ ಮನೆ ನಡೆಸೋದು ಹೇಗೆ ಅನ್ನುವುದಕ್ಕೆ ಇಲ್ಲಿ ಒಬ್ಬರೂ ಉತ್ತರ ಕೊಟ್ಟಿಲ್ಲ.

ಶಿರಸಿ ಗ್ಯಾರೇಜ್:
ಕೆಲಸದಾಳು ಅಂದಿದ್ದಕ್ಕೆ ನನಗೆ ಬೇಜಾರಾಗಿದೆ ತಂಗಿ. ನನ್ನ ಮನೆಯಲ್ಲೇ ಉಂಡು ಬೆಳೆದ ಹುಡುಗರು ಅವರು.

ಹೊನ್ನಾವರ ವೆಲ್ಡರ್ ತಂಗಿ:
ಊಟ ಹಾಕಿದ್ದು ದೊಡ್ಡದು, ಇಲ್ಲ ಅನ್ನುವುದಿಲ್ಲ. ಅವರಲ್ಲಿ ಯಾರಿಗಾದರೂ ಜಾಕ್ ಜಾರಿ ಕಾಲಿನ ಮೇಲೆ ಗಾಡಿ ಬಿದ್ದಿದ್ದರೆ ಯಾವ ಕಾಗದ ತೋರಿಸುತ್ತಿದ್ದಿರಿ? ಅಂಕೋಲಾದ ಅಕ್ಕ ಬರೆದಿದ್ದನ್ನು ಇನ್ನೊಮ್ಮೆ ಓದಿ.

ಕುಮಟಾ ಅಕ್ಕ:
ಎಲ್ಲರಿಗೂ ಧನ್ಯವಾದ. ಕಾರ್ಖಾನೆಗೆ ಫೋನ್ ಮಾಡಿದೆ, ಒಪ್ಪಂದ ಪೋರ್ಟಲ್‌ನಲ್ಲೇ ಆಗುತ್ತದೆ, ನಂಬರ್ ಕೊಡುತ್ತೇವೆ ಅಂದರು. ತಮ್ಮನ ಮನಸ್ಸು ಇನ್ನೂ ಗೋವಾ ಕಡೆಗೇ ಇದೆ, ದೋಸ್ತರು ಅಲ್ಲಿದ್ದಾರೆ. ಅಂಕೋಲಾದ ಅಕ್ಕಾ, ಹುಬ್ಬಳ್ಳಿಯಲ್ಲಿ ತಿಂಗಳ ಖರ್ಚು ಎಷ್ಟು ಬರುತ್ತದೆ ಅಂತ ಬಿಡಿಸಿ ಹೇಳುತ್ತೀರಾ?

ಅಂಕೋಲಾ ತಾಯಿ:
ಗೋಕುಲ ರೋಡ್ ಕಡೆ ಮೂವರು ಸೇರಿದ ರೂಮಿಗೆ ಮಗನ ಪಾಲು 1,700 ಇತ್ತು. ತಾರಿಹಾಳ ಕಡೆಯಾದರೆ ಬಾಡಿಗೆ ಇಳಿಯುತ್ತದೆ, ಖಾನಾವಳಿ ದೂರ. ಎರಡು ಹೊತ್ತಿನ ಊಟಕ್ಕೆ 2,800. ರೊಟ್ಟಿ ಊಟ ಅದು, ನಮ್ಮ ಹುಡುಗರಿಗೆ ಗಂಜಿ, ಮೀನು ಇಲ್ಲದೆ ಮೊದಲ ತಿಂಗಳು ಹೊಟ್ಟೆ ಸರಿ ಇರುವುದಿಲ್ಲ. ಇಲ್ಲಿಂದ ಕುಚ್ಚಲಕ್ಕಿ, ಒಣ ಮೀನಿನ ಚಟ್ನಿ ಕಟ್ಟಿ ಕಳಿಸಿ. ಸಿಟಿ ಬಸ್ ಪಾಸ್, ಮೊಬೈಲ್, ಸಾಬೂನು ಎಲ್ಲ ಸೇರಿ 1,000. ಕೈಯಲ್ಲಿ 1,500 ಉಳಿದರೆ ಪುಣ್ಯ. ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆ ಅಂತ ಅವನು ಹೊರಡುವ ಮೊದಲೇ ಬ್ಯಾಂಕಿನಲ್ಲಿ ನೋಡಿಸಿ. ಮತ್ತೆ ರೂಮಿನವರ ಹತ್ತಿರ ಸ್ನಾನಕ್ಕೆ ಬಿಸಿನೀರು ಇದೆಯಾ ಕೇಳಿ. ಇಲ್ಲದಿದ್ದರೆ ಕಾಯಿಲ್ ಇಡಬೇಕಾಗುತ್ತದೆ, ಅದರ ಕರೆಂಟಿಗೆ ಮಾಲೀಕ ತಿಂಗಳಿಗೆ 300 ಬೇರೆ ಕೇಳುತ್ತಾನೆ.