ಯಾರಾದರೂ ನೋಡುತ್ತಿದ್ದರೆ ಸಹಿ ಹಾಕಲೂ ಕೈ ನಡುಗುತ್ತದೆ. ಇದು ಬರೀ ಸಂಕೋಚನಾ?

ತೀರ್ಥಹಳ್ಳಿಯವನು:
ನನಗೆ 26 ವರ್ಷ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಬ್ಬನೇ ಇದ್ದರೆ ನೂರು ರಸೀದಿ ಬರೆದರೂ ಅಕ್ಷರ ಕೆಡುವುದಿಲ್ಲ. ಎದುರಿಗೆ ಯಾರಾದರೂ ನಿಂತು ಕೈಯನ್ನೇ ನೋಡಿದರೆ ಸಾಕು, ಪೆನ್ನು ನಡುಗುತ್ತದೆ. ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆಯಲ್ಲಿ ಪಂಕ್ತಿಗೆ ಸಾರು ಬಡಿಸು ಅಂದರು. ಸೌಟು ಅಲುಗಿ ಒಬ್ಬರ ಪಂಚೆ ಮೇಲೆ ಬಿತ್ತು. ಅವರು ಏನೂ ಅನ್ನಲಿಲ್ಲ. ನಾನು ಮಾತ್ರ ಹಿತ್ತಲಿಗೆ ಹೋದವನು ದಿಬ್ಬಣ ಹೊರಡುವವರೆಗೂ ಒಳಗೆ ಬರಲಿಲ್ಲ. ಈಗಲೂ ಮಲಗಿದರೆ ಅದೇ ನೆನಪು. ಎಂಟನೇ ಕ್ಲಾಸಿನಿಂದ ಹೀಗೇ. ಮದುವೆಯಾದರೆ ಸರಿಹೋಗುತ್ತೆ ಅಂತಾರೆ ಮನೆಯಲ್ಲಿ. ಇದು ಸ್ವಭಾವವೋ, ಕಾಯಿಲೆಯೋ?

ರೂಪಾ, ಮೈಸೂರು:
ನಾನು ಹೈಸ್ಕೂಲ್ ಟೀಚರ್. ಹನ್ನೊಂದು ವರ್ಷ ಸ್ಟಾಫ್ ರೂಮಿನಲ್ಲಿ ಟೀ ಕುಡಿಯಲಿಲ್ಲ. ಕೇಳಿದವರಿಗೆಲ್ಲ ಅಸಿಡಿಟಿ ಅಂತ ಹೇಳುತ್ತಿದ್ದೆ. ನಿಜವಾಗಿ ಲೋಟ ಹಿಡಿದರೆ ಕೈ ನಡುಗುತ್ತಿತ್ತು.

ಇದಕ್ಕೆ ಸೋಶಿಯಲ್ ಆಂಗ್ಸೈಟಿ ಡಿಸಾರ್ಡರ್ ಅಂತ ಹೆಸರಿದೆ, ಅಂದರೆ ಬೇರೆಯವರು ನೋಡಿ ಏನಂದುಕೊಳ್ಳುತ್ತಾರೋ ಅನ್ನುವ ಭಯದ ಕಾಯಿಲೆ. ಸಂಕೋಚ ಎಲ್ಲರಿಗೂ ಇರುತ್ತದೆ. ಅದು ಆರು ತಿಂಗಳು ದಾಟಿ, ಊಟ, ಕೆಲಸ, ನೆಂಟರ ಮನೆ ಎಲ್ಲದಕ್ಕೂ ಅಡ್ಡ ಬಂದರೆ ಬೇರೆ ಮಾತು. ಹೆಚ್ಚಿನವರಿಗೆ ಶುರುವಾಗುವುದೇ ನೀವು ಹೇಳಿದ ವಯಸ್ಸಿನಲ್ಲಿ. ಸ್ವಲ್ಪ ಪಾಲು ವಂಶದಿಂದ ಬರುತ್ತದೆ ಅಂತ ಅವಳಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ನಮ್ಮಪ್ಪನೂ ಸಭೆ ಅಂದರೆ ಬಾಗಿಲ ಹತ್ತಿರವೇ ಕೂರುತ್ತಿದ್ದರು.

ನನಗೆ ಗುಣ ತಂದಿದ್ದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. 1995ರಲ್ಲಿ ಕ್ಲಾರ್ಕ್ ಮತ್ತು ವೆಲ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಭಯ ಯಾಕೆ ಹೋಗುವುದಿಲ್ಲ ಅಂತ ವಿವರಿಸಿದರು. ನಮ್ಮ ಗಮನವೆಲ್ಲ ನಮ್ಮ ಮೇಲೇ ಇರುತ್ತದೆ. ಮುಚ್ಚಿಕೊಳ್ಳಲು ಏನೇನೋ ಉಪಾಯ ಮಾಡುತ್ತೇವೆ. ಆಮೇಲೆ ನಡೆದದ್ದನ್ನೇ ಮೆಲುಕು ಹಾಕುತ್ತೇವೆ. ನೀವು ರಾತ್ರಿ ಮಾಡುತ್ತಿರುವುದು ಇದೇ ಅಲ್ವಾ?

ನನ್ನ ಉಪಾಯ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿಯುವುದು. ಥೆರಪಿಸ್ಟ್ ಎರಡು ಸಲ ಟೀ ಕುಡಿಸಿ ವಿಡಿಯೋ ತೆಗೆದರು. ಒಮ್ಮೆ ಬಿಗಿ ಹಿಡಿದು, ಒಮ್ಮೆ ಸಡಿಲವಾಗಿ. ನೋಡುವ ಮೊದಲೇ, ಹತ್ತಕ್ಕೆ ಎಷ್ಟು ನಡುಗಿರಬಹುದು ಅಂತ ಬರೆಸಿದರು. ಒಂಬತ್ತು ಅಂತ ಬರೆದೆ. ಬೇರೆ ಯಾರನ್ನೋ ನೋಡುವ ಹಾಗೆ ನೋಡಿ ಅಂದರು. ಮೂರು ಅಂತ ಕೊಟ್ಟೆ. ಅದೂ ಬಿಗಿ ಹಿಡಿದಿದ್ದಕ್ಕೆ! ಸಡಿಲವಾಗಿ ಹಿಡಿದಾಗ ನಡುಕ ಕಾಣಲೇ ಇಲ್ಲ. ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಹೋಟೆಲಿಗೆ ಹೋಗಿ ಬೇಕಂತಲೇ ಟೀ ಚೆಲ್ಲಬೇಕಿತ್ತು. ಚೆಲ್ಲಿದೆ. ಹುಡುಗ ಬಂದು ಒರೆಸಿ ಹೋದ. ಇನ್ಯಾರೂ ತಿರುಗಿ ನೋಡಲಿಲ್ಲ. ಒಟ್ಟು ಹದಿನಾಲ್ಕು ವಾರ ಹೋಗಿದ್ದೆ. ಪೋಷಕರ ಸಭೆ ದಿನ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೆ ಹೋಗುತ್ತೇನೆ, ಮಾತಾಡುತ್ತೇನೆ.

ಕಿರಣ್:
ಮನೋರೋಗ ವಾರ್ಡಿನಲ್ಲಿ ನರ್ಸ್ ನಾನು. ರೂಪಾ ಮೇಡಂ ಹೇಳಿದ್ದು ಸರಿ. 2014ರಲ್ಲಿ ಸಂಶೋಧಕರು ಇದರ ಚಿಕಿತ್ಸೆಯ 101 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಒಬ್ಬೊಬ್ಬರಿಗೇ ಕೊಡುವ ಸಿಬಿಟಿಯನ್ನೇ ಮೊದಲ ಆಯ್ಕೆ ಅಂದರು. ಮಾತ್ರೆಗಳೂ ಕೆಲಸ ಮಾಡುತ್ತವೆ. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದವು. ಗುಣ ಕಾಣಲು ಕೆಲವು ವಾರ ಬೇಕು, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ನಡುಕಕ್ಕೆ ಅಂತ ಮೆಡಿಕಲ್ ಶಾಪಿನಿಂದ ಪ್ರೊಪ್ರನೊಲಾಲ್ ತಂದು ನುಂಗಬೇಡಿ. ಆಸ್ತಮಾ ಇದ್ದವರಿಗೆ ಅದು ಅಪಾಯ. ಸಮಾರಂಭಕ್ಕೆ ಮುಂಚೆ ಧೈರ್ಯಕ್ಕೆ ಅಂತ ಕುಡಿಯುವುದೂ ಬೇಡ. ಹಾಗೆ ಶುರುಮಾಡಿ ಬಿಡಲಾಗದವರನ್ನು ನಾನು ದಿನಾ ನೋಡುತ್ತೇನೆ. ಥೈರಾಯ್ಡಿನಿಂದಲೂ ಕೈ ನಡುಗಬಹುದು, ಅದನ್ನೂ ಪರೀಕ್ಷೆ ಮಾಡಿಸಿ. ನಿಮಗೆ ಹತ್ತಿರ ಅಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಮೊದಲು ಫೋನಿನಲ್ಲೇ ಮಾತಾಡಬೇಕು ಅಂದರೆ ಟೆಲಿ ಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ತೀರ್ಥಹಳ್ಳಿಯವನು:
ರೂಪಕ್ಕಾ, ಮೂರು ಸಲ ಓದಿದೆ. ಸೌಟನ್ನು ನಾನೂ ಬಿಗಿಯಾಗಿ ಹಿಡಿದಿದ್ದೆ. ಬೆರಳು ಬಿಳುಚಿಕೊಳ್ಳುವಷ್ಟು. ಸೋಮವಾರ ಮೆಗ್ಗಾನ್‌ಗೆ ಹೋಗುತ್ತೇನೆ. ಚೀಟಿ ಮಾಡಿಸುವಾಗ ಅವರ ಎದುರಿಗೇ ಸಹಿ ಹಾಕಬೇಕಾಗುತ್ತಾ?

ರೂಪಾ, ಮೈಸೂರು:
ಕೇಳಿದರೆ ಹಾಕಿ. ಪೆನ್ನು ಸಡಿಲವಾಗಿ ಹಿಡಿಯಿರಿ. ನಡುಗಿದರೆ ನಡುಗಲಿ, ಮುಚ್ಚಿಕೊಳ್ಳಬೇಡಿ. ನೀವು ಡಾಕ್ಟರಿಗೆ ಹೇಳಲು ಹೊರಟಿರುವುದೇ ಅದನ್ನಲ್ವಾ?